ರಾಹೇಲಮ್ಮನ ಸಾಕ್ಷಿ

ದಾವಣಗೆರೆಯ ಕ್ರೈಸ್ತ ಹೆಂಗಸರ ಬುಧವಾರದ ಪ್ರಾರ್ಥನಾ ಕೂಟದಲ್ಲಿ ಒಂದು ಕಟ್ಟುಪಾಡಿತ್ತು. ಹಾಡು ಮುಗಿದ ಮೇಲೆ, ಮಂಡಕ್ಕಿ ಚಹಾ ಬರುವ ಮುಂಚೆ, ಒಬ್ಬೊಬ್ಬರೇ ಎದ್ದು ನಿಂತು ದೇವರು ತಮಗೆ ಮಾಡಿದ ಉಪಕಾರವನ್ನು ಎಲ್ಲರ ಮುಂದೆ ಹೇಳಬೇಕು. ಅದಕ್ಕೆ ಸಾಕ್ಷಿ ಹೇಳುವುದು ಎನ್ನುತ್ತಾರೆ. ಒಬ್ಬಳಿಗೆ ಸೊಂಟನೋವು ಇಳಿದಿರುತ್ತಿತ್ತು, ಇನ್ನೊಬ್ಬಳ ತಮ್ಮನಿಗೆ ಮಿಲ್ಲಿನಲ್ಲಿ ಕೆಲಸ ಖಾಯಂ ಆಗಿರುತ್ತಿತ್ತು, ಮತ್ತೊಬ್ಬಳು ಹೇಳಲು ಏನೂ ಸಿಗದೆ "ಈ ವಾರ ಎಲ್ಲಾ ಚೆನ್ನಾಗೈತೆ, ದೇವರಿಗೆ ಸ್ತೋತ್ರ" ಎಂದು ಕುಳಿತುಬಿಡುತ್ತಿದ್ದಳು. ಉಳಿದವರು "ಸ್ತೋತ್ರ, ಸ್ತೋತ್ರ" ಎನ್ನುತ್ತಿದ್ದರು. ಸುಳ್ಳೇಕೆ ಹೇಳಬೇಕು, ಅರ್ಧ ಜನರ ಕಣ್ಣು ಅಷ್ಟೊತ್ತಿಗಾಗಲೇ ಅಡುಗೆಮನೆಯ ಕಡೆ ಹೋಗಿರುತ್ತಿತ್ತು.

ಆದರೆ ವಿನೋಬನಗರದ ರಾಹೇಲಮ್ಮ ಎದ್ದಳೆಂದರೆ ಮಂಡಕ್ಕಿಯ ಮಾತು ಹಾಗಿರಲಿ, ಕೆಮ್ಮು ಬಂದವರೂ ಬಾಯಿಗೆ ಸೆರಗು ಒತ್ತಿಕೊಳ್ಳುತ್ತಿದ್ದರು. ಅವಳ ಸಾಕ್ಷಿಯನ್ನು ಎಲ್ಲರೂ ಹತ್ತಾರು ಸಲ ಕೇಳಿದ್ದರು. ಆದರೂ ಕೇಳುವ ಆಸೆ ಹೋಗುತ್ತಿರಲಿಲ್ಲ.

ಎಪ್ಪತ್ತೊಂದನೇ ಇಸವಿಯ ಸಂಗತಿ ಅದು. ಮದುವೆಯಾಗಿ ವರ್ಷಗಟ್ಟಲೆ ಮಡಿಲು ಬರಿದಾಗಿದ್ದು, ಅತ್ತೆಯ ಕುಹಕ ಕೇಳಿ ಕೇಳಿ ಸಾಕಾದ ಮೇಲೆ ಹುಟ್ಟಿದ ಒಬ್ಬನೇ ಮಗ ಜಯಶೀಲ. ಅವನಿಗೆ ನಾಲ್ಕು ತುಂಬಿದಾಗ ಗಂಟಲುಮಾರಿ ಬಂತು. ಉಸಿರು ಸಿಳ್ಳೆ ಹಾಕುತ್ತಿತ್ತು, ತುಟಿ ನೀಲಿಗಟ್ಟಿತ್ತು. ಡಾಕ್ಟರು ಸೂಜಿ ಚುಚ್ಚಿ, "ಇನ್ನು ನಮ್ಮ ಕೈಯಲ್ಲಿ ಏನೂ ಇಲ್ಲಮ್ಮ" ಎಂದರು. ರಾಹೇಲಮ್ಮ ಮಂಚದ ಪಕ್ಕದ ಬರೀ ನೆಲಕ್ಕೆ ಮೊಣಕಾಲೂರಿದಳು. "ಕೊಟ್ಟಾವ ನೀನು. ಕೊಟ್ಟು ಕಸ್ಕೊಬ್ಯಾಡ." ಅಷ್ಟೇ ಅವಳ ಪ್ರಾರ್ಥನೆ. ಅದನ್ನೇ ರಾತ್ರಿಯೆಲ್ಲಾ ಹೇಳಿದಳು. ಬೆಳಕು ಹರಿಯುವ ಹೊತ್ತಿಗೆ ಹುಡುಗ ಕಣ್ಣುಬಿಟ್ಟು "ಅವ್ವಾ, ನೀರು" ಎಂದ.

"ಅವ್ವಾ, ನೀರು" ಎಂಬಲ್ಲಿ ರಾಹೇಲಮ್ಮ ಸುಮ್ಮನೆ ನಿಂತುಬಿಡುತ್ತಿದ್ದಳು. ಆ ಸುಮ್ಮನಿರುವಿಕೆಯಲ್ಲಿ ಹೆಂಗಸರು ಮೂಗು ಒರೆಸಿಕೊಳ್ಳುತ್ತಿದ್ದರು. ಎಲ್ಲಿ ದನಿ ಇಳಿಸಬೇಕು, ಎಲ್ಲಿ ಏರಿಸಬೇಕು ಎಂಬುದು ಅವಳಿಗೆ ಯಾರೂ ಕಲಿಸದೆಯೇ ಕೈಗೂಡಿತ್ತು. ಸಭೆಯ ಪಾದ್ರಿ ಅಯ್ಯನವರು ಕೃತಜ್ಞತಾ ಆರಾಧನೆಗಳಿಗೆ ಅವಳನ್ನು ಹರಿಹರಕ್ಕೆ, ರಾಣೆಬೆನ್ನೂರಿಗೆ, ಚಿತ್ರದುರ್ಗಕ್ಕೆ ಕರೆದುಕೊಂಡು ಹೋಗಿ ಸಾಕ್ಷಿ ಹೇಳಿಸುತ್ತಿದ್ದರು. ಗಂಡ ಬೆಂಜಮಿನಪ್ಪ ಹತ್ತಿ ಮಿಲ್ಲಿನ ಕೆಲಸಗಾರ, ನಗೆಗಾರ ಮನುಷ್ಯ. "ನಿನ್ನ ಸಾಕ್ಷಿಗೆ ಟಿಕೀಟು ಇಟ್ಟಿದ್ರೆ ನಾನು ಮಿಲ್ಲಿಗೆ ಹೋಗೋದು ಯಾವತ್ತೋ ಬಿಡ್ತಿದ್ದೆ ನೋಡು" ಎನ್ನುತ್ತಿದ್ದ. ಅವಳು "ಥೂ, ದೇವರ ವಿಷ್ಯದಾಗ ಚೇಷ್ಟೆ ಮಾಡಬ್ಯಾಡ್ರಿ" ಎಂದು ಗದರಿಸುತ್ತಿದ್ದಳು. ಆದರೂ ಒಳಗೊಳಗೆ ಖುಷಿಯಾಗುತ್ತಿತ್ತು.

ಜಂಬ ಬಂದಿತ್ತೇ ಎಂದರೆ, ಬಂದಿತ್ತು. ದೇವರು ತನ್ನ ಮಾತು ಕೇಳುತ್ತಾನೆ ಎಂಬುದು ಅವಳಿಗೆ ನಲ್ಲಿಯಲ್ಲಿ ನೀರು ಬರುತ್ತದೆ ಎನ್ನುವಷ್ಟು ಸಲೀಸಾದ ವಿಷಯವಾಗಿಬಿಟ್ಟಿತ್ತು. ಕೆ.ಬಿ. ಬಡಾವಣೆಯ ಟೈಲರ್ ಹೆಂಡತಿ ಕಸ್ತೂರಮ್ಮ ಅದೇ ಸಭೆಯವಳು. ಅವಳ ಹಾಲುಗೂಸಿಗೆ ವಾಂತಿಭೇದಿ ಆದಾಗ ರಾಹೇಲಮ್ಮನೇ ಹೋಗಿ, ಮಗುವಿನ ತಲೆಯ ಮೇಲೆ ಕೈಯಿಟ್ಟು, ತನ್ನ ಸಾಕ್ಷಿಯನ್ನು ಮೊದಲಿಂದ ಕೊನೆಯವರೆಗೆ ಹೇಳಿ, "ನಂಬು, ಉಳೀತೈತೆ" ಎಂದು ಬಂದಿದ್ದಳು. ಮಗು ಮರುದಿನ ತೀರಿಕೊಂಡಿತು. ಮಣ್ಣು ಮಾಡಿ ಬರುವ ದಾರಿಯಲ್ಲಿ ರಾಹೇಲಮ್ಮ ಕಸ್ತೂರಮ್ಮನ ಹೆಗಲು ಹಿಡಿದುಕೊಂಡು, "ಎಲ್ಲೋ ನಿನ್ನ ವಿಶ್ವಾಸ ಸಡ್ಲಾತು ಕಸ್ತೂರಿ" ಎಂದಳು. ಕೇಡು ಬಯಸಿ ಅಂದದ್ದಲ್ಲ. ಅವಳಿಗೆ ನಿಜಕ್ಕೂ ಹಾಗೆಯೇ ಅನ್ನಿಸಿತ್ತು. ಅಯ್ಯೋ, ಅದೇ ಅಲ್ಲವೇ ಇನ್ನೂ ಕೆಟ್ಟದ್ದು!  ಆಮೇಲೆ ಕಸ್ತೂರಮ್ಮ ಬುಧವಾರದ ಕೂಟಕ್ಕೆ ಬರುವುದನ್ನು ನಿಲ್ಲಿಸಿದಳು.

ಎಂಬತ್ತೆರಡನೇ ಇಸವಿಯ ಶ್ರಾವಣದಲ್ಲಿ ಜಯಶೀಲನಿಗೆ ಜ್ವರ ಬಂತು. ಎಸ್ಸೆಸ್ಸೆಲ್ಸಿ ಓದುತ್ತಿದ್ದ ಹುಡುಗ, ಮೂಗಿನ ಕೆಳಗೆ ಕಪ್ಪು ಮೂಡುತ್ತಿತ್ತು, ಧ್ವನಿ ಒಡೆದಿತ್ತು. ಶಾಲೆಯಿಂದ ಬಂದು ತಲೆನೋವೆಂದು ಮಲಗಿದವನು ಬೆಳಗ್ಗೆ ಅಪ್ಪನ ಗುರುತು ಹಿಡಿಯಲಿಲ್ಲ. ಆಸ್ಪತ್ರೆಗೆ ಸೇರಿಸಿದರೆ ಮೆದುಳು ಜ್ವರ ಎಂದರು. ಬೆಂಜಮಿನಪ್ಪ ಸಿಕ್ಕ ಸಿಕ್ಕ ಡಾಕ್ಟರ ಕಾಲು ಹಿಡಿದ. ಅವರೂ ಮಾಡುವುದನ್ನೆಲ್ಲಾ ಮಾಡಿದರು. ರಾಹೇಲಮ್ಮನಿಗೆ ಅಷ್ಟೇನೂ ಹೆದರಿಕೆಯಾಗಿರಲಿಲ್ಲ. ಅವಳು ಮಂಚದ ಪಕ್ಕದ ಬರೀ ನೆಲಕ್ಕೆ ಮೊಣಕಾಲೂರಿದಳು. ಅದೇ ಮಾತು ಹೇಳಿದಳು. ಕೊಟ್ಟಾವ ನೀನು, ಕೊಟ್ಟು ಕಸ್ಕೊಬ್ಯಾಡ. ಬೆಳಕು ಹರಿಯಿತು. ಹುಡುಗ ನೀರು ಕೇಳಲಿಲ್ಲ. ಮತ್ತೂ ಒಂದು ರಾತ್ರಿ ಅದೇ ಮಾತು ಹೇಳಿದಳು. ಮೊಣಕಾಲಿನ ಸಿಪ್ಪೆ ಸುಲಿಯಿತು. ಮಧ್ಯಾಹ್ನದ ಹೊತ್ತಿಗೆ ನರ್ಸು ಬಂದು ಹುಡುಗನ ಮುಖದ ಮೇಲೆ ಬಟ್ಟೆ ಎಳೆದಳು. ರಾಹೇಲಮ್ಮ ಆ ಬಟ್ಟೆಯನ್ನು ಸರಿಸಿ, "ತಡೀಯವ್ವ, ಇನ್ನೂ ನನ್ನ ಪ್ರಾರ್ಥನೆ ಮುಗಿದಿಲ್ಲ" ಎಂದಳು.

ಸಮಾಧಾನ ಹೇಳಲು ಜನ ಬಂದರು. ಪಕ್ಕದ ಮನೆಯ ಖತೀಜಾಬೀ ವಾರಗಟ್ಟಲೆ ಅಡುಗೆ ಮಾಡಿ ತಂದಿಟ್ಟಳು. ಕೂಟದ ಹೆಂಗಸರೆಲ್ಲಾ ಬಂದರು. ಅವರಲ್ಲಿ ದೊಡ್ಡಾಕೆ ಸುಗುಣಮ್ಮ, "ದೇವರು ತೋಟದಾಗ ಚಂದದ ಹೂವನ್ನೇ ಕೀಳ್ತಾನೆ ರಾಹೇಲಮ್ಮ" ಎಂದಳು.

"ಯಾರನ್ನೂ ಕೇಳದೆ ಕಿತ್ಕೊಂಡು ಹೋದ್ರೆ ಅವನಿಗೆ ಕಳ್ಳ ಅಂತಾರ್ರಿ" ಎಂದಳು ರಾಹೇಲಮ್ಮ.

ಸುಗುಣಮ್ಮ ಎದೆಯ ಮೇಲೆ ಕೈ ಇಟ್ಟುಕೊಂಡಳು. ಆಮೇಲೆ ಯಾರೂ ಹೂವಿನ ಮಾತು ಎತ್ತಲಿಲ್ಲ.

ಅವತ್ತಿನಿಂದ ರಾಹೇಲಮ್ಮ ದೇವರೊಂದಿಗೆ ಮಾತು ಬಿಟ್ಟಳು. ಓರಗಿತ್ತಿಯೊಂದಿಗೆ, ನಾದಿನಿಯೊಂದಿಗೆ ಮಾತು ಬಿಡುತ್ತಾರಲ್ಲ, ಹಾಗೆಯೇ. ಒಂದೇ ಮನೆಯಲ್ಲಿದ್ದೂ ಮುಖ ತಿರುಗಿಸಿಕೊಂಡು ಓಡಾಡುವುದು. ದೇವರು ಇಲ್ಲ ಎಂದು ಅವಳಿಗೆ ಒಂದು ಗಳಿಗೆಯೂ ಅನ್ನಿಸಲಿಲ್ಲ. ಇಲ್ಲದವನ ಮೇಲೆ ಇಷ್ಟು ಸಿಟ್ಟು ಬರುವುದಾದರೂ ಹೇಗೆ? ಭಾನುವಾರ ಗಂಡನ ಜೊತೆ ದೇವಾಲಯಕ್ಕೆ ಹೋಗುತ್ತಿದ್ದಳು. ಎಲ್ಲರೂ ಕಣ್ಣು ಮುಚ್ಚಿದಾಗ ಇವಳು ಕಣ್ಣು ಬಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದಳು. ಬುಧವಾರದ ಕೂಟಕ್ಕೂ ಹೋದಳು, ಮನೆಯಲ್ಲಿ ಒಬ್ಬಳೇ ಇರುವುದು ಅದಕ್ಕಿಂತ ಕಷ್ಟವಾಗಿತ್ತು. ಪಾಪ, ಆ ಹೆಂಗಸರು ಇವಳಿಗೆ ನೋವಾಗಬಾರದೆಂದು ಸಾಕ್ಷಿ ಹೇಳುವುದನ್ನೇ ಕೈಬಿಟ್ಟರು. ಹಾಡು ಮುಗಿದ ಕೂಡಲೇ ಮಂಡಕ್ಕಿ ಬಂದುಬಿಡುತ್ತಿತ್ತು. ಅದನ್ನು ನೋಡಿದಾಗಲೆಲ್ಲಾ ಅವಳಿಗೆ ತನ್ನಿಂದ ಇಡೀ ಕೂಟಕ್ಕೇ ಸೂತಕ ಬಡಿದಂತೆ ಅನ್ನಿಸುತ್ತಿತ್ತು.

ಕಸ್ತೂರಮ್ಮ ಬಂದದ್ದು ಎಲ್ಲರೂ ಬಂದುಹೋದ ಮೇಲೆ. ಬಂದವಳು ದೇವರ ಮಾತಾಡಲಿಲ್ಲ, ಹುಡುಗನ ಮಾತೂ ಆಡಲಿಲ್ಲ. ಮೋರಿಯ ಹತ್ತಿರ ರಾಶಿ ಬಿದ್ದಿದ್ದ ಪಾತ್ರೆ ತೊಳೆದಳು, ನಲ್ಲಿಯಿಂದ ನೀರು ತುಂಬಿದಳು, "ಬರ್ತೀನಿ ಅಕ್ಕಾ" ಎಂದು ಹೋದಳು. ಮರುದಿನವೂ ಬಂದಳು. ತಿಂಗಳು ಕಳೆದರೂ ಬರುತ್ತಲೇ ಇದ್ದಳು. ರಾಹೇಲಮ್ಮನಿಗೆ ಅದು ಸಹಿಸಲಾಗಲಿಲ್ಲ. ಅವಳು ಬಾಯಿಬಿಟ್ಟು ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ಅಂದುಬಿಡು ಕಸ್ತೂರಿ" ಎಂದಳು ಒಂದು ದಿನ, ಅವಳ ಕೈಯಿಂದ ಬೋಗುಣಿ ಕಿತ್ತುಕೊಂಡು. "ಅವತ್ತು ನಾನು ನಿನಗ ಅಂದಿದ್ದನ್ನ ಇವತ್ತು ನೀನು ನನಗ ಅಂದುಬಿಡು. ನನ್ನ ವಿಶ್ವಾಸ ಎಲ್ಲಿ ಸಡ್ಲಾತು ಅಂತ ಕೇಳು."

ಕಸ್ತೂರಮ್ಮ ಕೈಯ ಬೂದಿ ತೊಳೆದುಕೊಂಡಳು. "ಆ ಮಾತು ನನಗ ಎರಡು ವರ್ಷ ನಿದ್ದಿ ಕೊಡ್ಲಿಲ್ಲ ಅಕ್ಕಾ. ಹಗಲೂ ರಾತ್ರಿ ಹುಡುಕ್ತಿದ್ದೆ, ಎಲ್ಲಿ ಸಡ್ಲಾತು, ಯಾವಾಗ ಸಡ್ಲಾತು ಅಂತ. ಮಗೀಗೆ ಹಾಲು ಕುಡಿಸುವಾಗೇನೋ, ಮೈ ಒರೆಸುವಾಗೇನೋ ಅಂತ. ಅಂಥಾದ್ದನ್ನ ನಿಮಗ್ಯಾಕ ಕೊಡ್ಲಿ?"

ಮಗ ಹೋದ ದಿನವೂ ಅಳದಿದ್ದ ರಾಹೇಲಮ್ಮ ಅವತ್ತು ಅತ್ತಳು. ಮೋರಿಯ ಕಟ್ಟೆಯ ಮೇಲೆ ಕುಳಿತು, ಕಸ್ತೂರಮ್ಮನ ಒದ್ದೆ ಸೀರೆಯಲ್ಲಿ ಮುಖ ಹುದುಗಿಸಿ, ಬೀದಿಗೆ ಕೇಳುವ ಹಾಗೆ ಅತ್ತಳು. ಆದರೆ ದೇವರೊಂದಿಗೆ ಮಾತ್ರ ಮಾತು ಆಡಲಿಲ್ಲ.

ಹೀಗೆ ವರ್ಷ ಕಳೆಯಿತು. ಎಂಬತ್ಮೂರರ ಒಂದು ಬೆಳಗ್ಗೆ, ಬೆಂಜಮಿನಪ್ಪ ಮಿಲ್ಲಿಗೆ ಹೋದ ಮೇಲೆ, ತಲೆಗೆ ಟವೆಲು ಸುತ್ತಿದ ಹಳ್ಳಿಯವನೊಬ್ಬ ವಿನೋಬನಗರದ ಓಣಿಯಲ್ಲಿ ಮನೆ ಮನೆ ವಿಚಾರಿಸುತ್ತಾ ಬಂದ. ರಾಹೇಲಮ್ಮ ಹೊಸ್ತಿಲಲ್ಲಿ ಕುಳಿತು ಅಕ್ಕಿ ಆರಿಸುತ್ತಿದ್ದಳು.

"ಸತ್ತ ಮಗನ್ನ ಎಬ್ಬಿಸ್ಕೊಂಡ ಅಮ್ಮಾರ ಮನಿ ಇದೇ ಏನ್ರಿ?" ಎಂದ ಅವನು.

ರಾಹೇಲಮ್ಮನ ಕೈ ಮೊರದಲ್ಲೇ ನಿಂತಿತು.

ಅವನ ಹೆಸರು ಅಂಜಿನಪ್ಪ, ಹರಿಹರದ ಹತ್ತಿರದ ಸಾರಥಿ ಎಂಬ ಹಳ್ಳಿಯ ರೈತ. ಮಗಳು ಕೊಟ್ರವ್ವನಿಗೆ ಕಾಮಾಲೆಯಾಗಿ ಹರಿಹರದ ಆಸ್ಪತ್ರೆಯಲ್ಲಿದ್ದಳು. "ನೆತ್ತಿಗೇರೈತೆ ಅಂತಾರ್ರಿ. ನಿನ್ನೆಯಿಂದ ಕಣ್ಣು ಬಿಟ್ಟಿಲ್ಲ. ಅಲ್ಲಿ ಮಾಬೂಬೀ ಅಂತ ಆಯಾ ಅದಾಳ್ರಿ. ಆಕಿ ಹೇಳಿದ್ಲು, ದಾವಣಗೆರಿಯಾಗ ಒಬ್ಬ ತಾಯಿ ಅದಾರ, ಸತ್ತ ಮಗನ್ನ ಯೇಸುಸ್ವಾಮಿ ಕೈಲಿ ಎಬ್ಬಿಸ್ಕೊಂಡಾರ ಅಂತ. ನನ್ನ ಹೆಂಡ್ತಿ ಹಟ ಹಿಡಿದು ಕುಂತಾಳ್ರಿ. ಆ ತಾಯಿ ಬಾಯಿಲೇ ಒಂದ್ಸಲ ಕೇಳ್ಬೇಕಂತ. ಕೇಳಿದ್ರ ಮಗಳು ಉಳೀತಾಳ ಅಂತ."

ನೋಡಿ ಮಾತಿನ ಹಣೆಬರಹ! ಹಿಂದೊಮ್ಮೆ ಹರಿಹರದ ಕೃತಜ್ಞತಾ ಕೂಟದಲ್ಲಿ ಹೇಳಿದ ಸಾಕ್ಷಿಯನ್ನು ಯಾರೋ ಕೇಳಿ, ಯಾರಿಗೋ ಹೇಳಿ, ಅದು ಬಾಯಿಂದ ಬಾಯಿಗೆ ಬೆಳೆದು, ಗಂಟಲುಮಾರಿಯ ಹುಡುಗ ಸತ್ತೇ ಎದ್ದವನಾಗಿದ್ದ. ಆ ಹುಡುಗ ನಿಜವಾಗಿಯೂ ಸತ್ತ ಸುದ್ದಿ ಮಾತ್ರ ದಾವಣಗೆರೆ ದಾಟಿರಲಿಲ್ಲ.

ಅಂಜಿನಪ್ಪ ಬಾಗಿಲಿನಿಂದಲೇ ಗೋಡೆಯ ಮೇಲಿನ ಪಟ ನೋಡಿದ. "ಇವನೇ ಏನ್ರಿ ಆ ಹುಡುಗ?"

"ಹೂಂ."

"ಎಷ್ಟು ಚಂದ ಅದಾನ್ರಿ" ಎಂದು ಕೈಮುಗಿದ.

ಬರುವುದಿಲ್ಲ ಎನ್ನಲು ರಾಹೇಲಮ್ಮ ಬಾಯಿ ತೆರೆದಳು. ಆದರೆ ಅವನ ಕಣ್ಣು ನೋಡಿ, ಎದ್ದು, ಅಕ್ಕಿಯ ಮೊರವನ್ನು ಖತೀಜಾಬೀಯ ಕೈಗೆ ಕೊಟ್ಟು, ಸೀರೆ ಬದಲಿಸಿಕೊಂಡು ಹೊರಟಳು.

ಹರಿಹರದ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳು ಒಂದೇ ಲೆಕ್ಕ ಹಾಕುತ್ತಿದ್ದಳು. ಅರ್ಧ ಹೇಳಿದರೇನಾಯಿತು? "ಅವ್ವಾ, ನೀರು" ಎಂಬಲ್ಲಿಗೆ ನಿಲ್ಲಿಸಿದರೆ ಅದರಲ್ಲಿ ಸುಳ್ಳೇನಿದೆ? ಗಂಟಲುಮಾರಿ ಬಂದದ್ದು ನಿಜ, ಬದುಕಿದ್ದು ನಿಜ. ಆ ತಾಯಿಗೆ ಒಂದು ದಿನ ಧೈರ್ಯ ಸಿಗುತ್ತದೆ. ಅದಕ್ಕಿಂತ ಹೆಚ್ಚಿಗೆ ಕೊಡಲು ತನ್ನ ಹತ್ತಿರ ಏನಿದೆ? ಹೊಳೆಯ ಗಾಳಿ ಮುಖಕ್ಕೆ ಬಡಿಯುವ ಹೊತ್ತಿಗೆ ಹಾಗೇ ಮಾಡುವುದೆಂದು ನಿಶ್ಚಯಿಸಿಕೊಂಡಿದ್ದಳು.

ಅಂಜಿನಪ್ಪನ ಹೆಂಡತಿ ಕರಿಯವ್ವ ಸಣ್ಣ ವಯಸ್ಸಿನವಳು. ರಾಹೇಲಮ್ಮನನ್ನು ಕಂಡದ್ದೇ ಎದ್ದು ಕಾಲಿಗೆ ಬಿದ್ದಳು. ಆಮೇಲೆ ಮಂಚದ ತುದಿಯಲ್ಲಿ ಅವಳನ್ನು ಕೂರಿಸಿ, ಮಗಳ ತಲೆಯನ್ನು ಎತ್ತಿ ಅವಳ ತೊಡೆಯ ಮೇಲೆ ಇಟ್ಟಳು. ಐದಾರು ವರ್ಷದ ಮಗು. ಮೈಯೆಲ್ಲಾ ಅರಿಶಿನ ಬಳಿದಂತಿತ್ತು. ಉಸಿರು ಎಲ್ಲೋ ದೂರದಿಂದ ಬಂದು ಹೋಗುತ್ತಿತ್ತು.

"ಹೇಳ್ರಿ ಅಮ್ಮಾ" ಎಂದಳು ಕರಿಯವ್ವ. "ನನ್ನ ಮಗಳ ಕಿವಿಗೆ ಬೀಳೋ ಹಂಗೆ ಹೇಳ್ರಿ."

ಪಕ್ಕದ ಮಂಚದವರೂ ಹತ್ತಿರ ಸರಿದರು. ಆಯಾ ಮಾಬೂಬೀ ಕಸಬರಿಗೆ ಹಿಡಿದುಕೊಂಡೇ ಬಂದು ನಿಂತಳು. ರಾಹೇಲಮ್ಮ ಶುರು ಮಾಡಿದಳು. ವರ್ಷದಿಂದ ನಾಲಗೆಗೆ ಬಾರದಿದ್ದ ಮಾತು ಒಂದೂ ತಪ್ಪದೆ ಬಂತು. ಸಿಳ್ಳೆ ಹಾಕುವ ಉಸಿರು, ನೀಲಿ ತುಟಿ, ಡಾಕ್ಟರ ಮಾತು, ಬರೀ ನೆಲ. ದನಿ ಇಳಿಯಬೇಕಾದಲ್ಲಿ ಇಳಿಯಿತು, ಏರಬೇಕಾದಲ್ಲಿ ಏರಿತು. "ಅವ್ವಾ, ನೀರು ಅಂದ" ಎಂದು ಹೇಳಿ ಸುಮ್ಮನಾದಳು. ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಂಡರು.

ಕರಿಯವ್ವನ ಮುಖ ಅರಳಿತ್ತು. "ಈಗ ಎಷ್ಟು ದೊಡ್ಡಾವ ಆಗ್ಯಾನ್ರಿ?" ಎಂದು ಕೇಳಿದಳು.

ರಾಹೇಲಮ್ಮ ಮಗುವಿನ ಹಣೆಯ ಕೂದಲು ಸರಿಸಿದಳು. ಇನ್ನೊಂದು ಮಾತು ಹೇಳಿದರೆ ಮುಗಿಯುತ್ತಿತ್ತು. ಹದಿನಾರು, ಕಾಲೇಜಿಗೆ ಹೋಗುತ್ತಾನೆ, ಅಷ್ಟೇ. ಆದರೆ ಈ ಮಗು ಉಳಿಯುವುದಿಲ್ಲವೆಂಬುದು ಅವಳಿಗೆ ತೊಡೆಯ ಮೇಲಿನ ಭಾರದಿಂದಲೇ ಗೊತ್ತಾಗಿತ್ತು. ನಾಳೆ ಈ ತಾಯಿ ಸಾರಥಿಯ ಮನೆಯಲ್ಲಿ ಕುಳಿತು ಹುಡುಕುತ್ತಾಳೆ. ದಾವಣಗೆರೆಯ ಅಮ್ಮನ ಮಗ ಉಳಿದ, ನನ್ನ ಮಗಳು ಯಾಕೆ ಉಳಿಯಲಿಲ್ಲ? ನಾನು ಎಲ್ಲಿ ತಪ್ಪಿದೆ? ಎರಡು ವರ್ಷ ನಿದ್ದೆಯಿಲ್ಲದೆ ಹುಡುಕುತ್ತಾಳೆ.

"ಇಲ್ಲವ್ವ" ಎಂದಳು ರಾಹೇಲಮ್ಮ. "ಹೋದ ವರ್ಷ ಶ್ರಾವಣದಾಗ ಸತ್ತ. ಬ್ಯಾರೆ ಜ್ವರ ಬಂತು. ಹಿಂದೆ ಹೆಂಗ ಬೇಡ್ಕೊಂಡಿದ್ನೋ ಹಂಗೇ ಬೇಡ್ಕೊಂಡೆ. ಒಂದು ಮಾತೂ ಬಿಡ್ಲಿಲ್ಲ. ಆದ್ರೂ ಸತ್ತ."

 ಮಾಬೂಬೀ "ಯಾ ಅಲ್ಲಾ" ಎಂದು ಬಾಯಿಗೆ ಕೈ ಅಡ್ಡ ಹಿಡಿದಳು.

ಕರಿಯವ್ವ ಮೊದಲು ಅರ್ಥವಾಗದವಳಂತೆ ನೋಡಿದಳು. ಆಮೇಲೆ ಮಗಳ ತಲೆಯನ್ನು ಅವಳ ತೊಡೆಯಿಂದ ಎಳೆದುಕೊಂಡಳು. "ಮತ್ತ ಇಲ್ಲಿಗ್ಯಾಕ ಬಂದೆ? ನನ್ನ ಕೂಸಿನ ಮುಂದ ಸಾವಿನ ಮಾತು ಆಡಾಕ ಬಂದೇನು? ಎದ್ದು ಹೋಗು!"

"ಏ, ಸುಮ್ನಿರ" ಎಂದ ಅಂಜಿನಪ್ಪ, ಆದರೆ ಅವನೂ ಮುಖ ಎತ್ತಲಿಲ್ಲ.

ರಾಹೇಲಮ್ಮ ಎದ್ದು ಹೊರಗೆ ಬಂದಳು. ಪಡಸಾಲೆಯಲ್ಲಿ ಒಂದು ಬೆಂಚಿತ್ತು. ದಾವಣಗೆರೆಗೆ ಬೇಕಾದಷ್ಟು ಬಸ್ಸುಗಳಿದ್ದವು, ಹೋಗಬಹುದಿತ್ತು. ಹೋಗದೆ ಬೆಂಚಿನ ಮೇಲೆ ಕುಳಿತಳು. ಸತ್ಯ ಹೇಳಿದ್ದೇ ತಪ್ಪಾಯಿತೇ? ಆ ತಾಯಿಯ ಒಂದು ದಿನದ ಆಸೆಯನ್ನೂ ಕಿತ್ತುಕೊಂಡೆನಲ್ಲ! ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಒಳಗಿನಿಂದ ಕರಿಯವ್ವನ ದನಿ ಕೇಳುತ್ತಿತ್ತು. ಅವಳು ಮಗಳ ಹೆಸರನ್ನು ಮತ್ತೆ ಮತ್ತೆ ಕೂಗುತ್ತಿದ್ದಳು. ಆ ದನಿ ಕೇಳುತ್ತಾ ಕೇಳುತ್ತಾ ರಾಹೇಲಮ್ಮನ ಬಾಯಿಂದ ಅವಳಿಗರಿವಿಲ್ಲದಂತೆ ಮಾತು ಹೊರಟಿತು. ಎದುರಿಗೆ ಯಾರೂ ಇರಲಿಲ್ಲ. ದಾರಿಯಲ್ಲಿ ಹೋಗುವವರು ಯಾರೋ ತಲೆಕೆಟ್ಟವಳೆಂದುಕೊಂಡರು.

"ನೋಡು, ನಿನಗೂ ನನಗೂ ಮಾತಿಲ್ಲ. ನನ್ನ ಮಗನ ಲೆಕ್ಕ ಇನ್ನೂ ಮುಗಿದಿಲ್ಲ, ಅದನ್ನ ನಾನು ಬಿಡಾಕಿಲ್ಲ. ಆದ್ರೆ ಒಳಗ ಒಬ್ಬಾಕಿ ಕುಂತಾಳ. ನನ್ನ ಆಕಿ ಓಡಿಸಿದ್ಲು, ಅದು ಸರಿ ಐತೆ. ನೀನರ ಹೋಗು. ನನ್ನ ಮಗ ಹೋದಾಗ ನೀನು ಎಲ್ಲಿದ್ದಿ ನನಗ ತಿಳೀಲಿಲ್ಲ. ಆಕಿಗರ ತಿಳೀಲಿ. ಆಕಿನ್ನ ಒಬ್ಬಾಕಿನ್ನೇ ಬಿಡಬ್ಯಾಡ."

ಹೇಳಿ ಮುಗಿಸಿದ ಮೇಲೆ ಅವಳಿಗೇ ದಿಗಿಲಾಯಿತು. ಮಾತು ಬಿಟ್ಟವನೊಂದಿಗೆ ಮಾತಾಡಿಬಿಟ್ಟಿದ್ದಳು. ಏನನ್ನೂ ಉಳಿಸಿಕೊಡು ಎಂದು ಕೇಳಿರಲಿಲ್ಲ. ಅಂಥ ಪ್ರಾರ್ಥನೆಯನ್ನು ಅವಳು ಹುಟ್ಟಿದಾಗಿನಿಂದ ಮಾಡಿರಲಿಲ್ಲ. ಎದೆಯಲ್ಲಿ ವರ್ಷದಿಂದ ಬಿಗಿದುಕೊಂಡಿದ್ದದ್ದು ಒಂದಿಷ್ಟು ಸಡಿಲವಾಯಿತು. ಕಣ್ಣೀರು ಸುರಿಯುತ್ತಿತ್ತು, ಒರೆಸಿಕೊಳ್ಳದೆ ಹಾಗೆಯೇ ಕುಳಿತಳು.

ದೀಪ ಹಚ್ಚುವ ಹೊತ್ತಿಗೆ ಒಳಗೆ ಕೂಗು ನಿಂತಿತು. ಆಮೇಲೆ ಒಮ್ಮೆಲೇ ಎದ್ದ ಕರಿಯವ್ವನ ಆಕ್ರಂದನಕ್ಕೆ ಇಡೀ ಆಸ್ಪತ್ರೆ ಎದ್ದು ಕುಳಿತಿತು. ಅಂಜಿನಪ್ಪ ಗೋಡೆಗೆ ಹಣೆ ಚಚ್ಚಿಕೊಂಡು, ಸ್ವಲ್ಪ ಹೊತ್ತಿನ ಮೇಲೆ, ಹೆಣ ಒಯ್ಯಲು ಬಂಡಿ ನೋಡಿಕೊಂಡು ಬರುತ್ತೇನೆಂದು ಹೊರಗೆ ಹೋದ. ಬೆಂಚಿನ ಮೇಲೆ ರಾಹೇಲಮ್ಮ ಇನ್ನೂ ಇರುವುದನ್ನು ನೋಡಿ ನಿಂತ. ಆಮೇಲೆ ಮುಂದೆ ಹೋದ.

ರಾಹೇಲಮ್ಮ ಒಳಗೆ ಬಂದಳು. ಬೈದರೆ ಬೈಯಲಿ ಎಂದುಕೊಂಡೇ ಬಂದಳು. ಕರಿಯವ್ವ ಬೈಯಲಿಲ್ಲ. ಮಗುವನ್ನು ಎದೆಗವಚಿಕೊಂಡು ನೆಲದ ಮೇಲೆ ಕುಳಿತಿದ್ದಳು, ಯಾರು ಕೇಳಿದರೂ ಬಿಡುತ್ತಿರಲಿಲ್ಲ. ರಾಹೇಲಮ್ಮ ಮಗುವನ್ನು ಕೇಳಲೇ ಇಲ್ಲ. ಪಕ್ಕದಲ್ಲಿ ಬರೀ ನೆಲದ ಮೇಲೆ ಕುಳಿತಳು. ಅಲ್ಲಿ ಕುಳಿತಾಗ ಅವಳಿಗೆ ಅನ್ನಿಸಿದ್ದು ಇದು. ಬೇಡಿದ್ದು ಸಿಕ್ಕಿದ ಆ ಹನ್ನೊಂದು ವರ್ಷ ಅವಳು ದೇವರನ್ನು ಕೊಡುವವನೆಂದಷ್ಟೇ ಅರಿತಿದ್ದಳು. ಹೊಗಳಿದ್ದಳು, ಊರೂರು ಸುತ್ತಿ ಹೊಗಳಿದ್ದಳು, ಆದರೆ ಅವನನ್ನು ಇಷ್ಟು ಹತ್ತಿರದಲ್ಲಿ ಕಂಡಿರಲಿಲ್ಲ. ಈಗ ಈ ನೆಲದ ಮೇಲೆ, ಈ ಹೆಣದ ಪಕ್ಕದಲ್ಲಿ, ಅವನು ತಮ್ಮಿಬ್ಬರ ಜೊತೆಗೇ ಕುಳಿತಿದ್ದಾನೆ ಎಂದು ಅವಳಿಗೆ ಖಚಿತವಾಗಿ ಅನ್ನಿಸಿತು. ದುಃಖ ಕಡಿಮೆಯಾಗಲಿಲ್ಲ. ಜಯಶೀಲ ಬೇಕು ಎಂಬ ಸಂಕಟ ಹಾಗೆಯೇ ಇತ್ತು.

ಎಷ್ಟೋ ಹೊತ್ತಾದ ಮೇಲೆ ಕರಿಯವ್ವ ತಿರುಗಿ ನೋಡಿದಳು. ಕಣ್ಣು ಬಾತು ಹೋಗಿದ್ದವು.

"ನಿಮ್ಮ ಹುಡುಗನ ಹೆಸ್ರು ಏನ್ರಿ?"

"ಜಯಶೀಲ."

"ಹೆಂಗಿದ್ದ?"

ರಾಹೇಲಮ್ಮ ತಬ್ಬಿಬ್ಬಾದಳು. ಸಾವಿರ ಜನರ ಮುಂದೆ ಸಾಕ್ಷಿ ಹೇಳಿದ್ದಳು. ಗಂಟಲುಮಾರಿಯ ವಿಷಯ ಹೇಳಿದ್ದಳು, ಡಾಕ್ಟರ ವಿಷಯ, ತನ್ನ ಪ್ರಾರ್ಥನೆಯ ವಿಷಯ ಹೇಳಿದ್ದಳು. ಹುಡುಗ ಹೇಗಿದ್ದ ಎಂದು ಯಾರೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ.

"ಹುಟ್ಟಿದಾಗ ತಲಿ ತುಂಬ ಕೂದ್ಲವ್ವ" ಎಂದು ಶುರು ಮಾಡಿದಳು. "ನಮ್ಮ ಅತ್ತಿ, ಇದು ಮಗೂನೋ ಕರಡಿಮರಿಯೋ ಅಂತಿದ್ರು. ನಡಿಯಾಕ ಭಾಳ ತಡ ಮಾಡಿದ. ಕುಂತಲ್ಲೇ ಕುಂಡಿ ಸವರ್ಕೊಂತ ಇಡೀ ಮನಿ ಓಡಾಡ್ತಿದ್ದ, ಚಡ್ಡಿ ಎಲ್ಲಾ ಹರಿದು ಹೋಗಾವು. ಹಸಿ ಈರುಳ್ಳಿ ಅಂದ್ರ ಪ್ರಾಣ ಬಿಡ್ತಿದ್ದ. ಮಂಡಕ್ಕಿಯಾಗಿಂದ ಈರುಳ್ಳಿ ಅಷ್ಟೇ ಆರಿಸಿ ತಿಂದು, ಮಂಡಕ್ಕಿ ನಮಗ ಬಿಡ್ತಿದ್ದ. ಬಾಯಿ ನಾರ್ತೈತೆ, ಹತ್ರ ಬರಬ್ಯಾಡ ಅಂದ್ರ, ಬೇಕಂತ್ಲೇ ಬಂದು ಮುಖದ ಮ್ಯಾಲೆ ಉಸಿರು ಬಿಡ್ತಿದ್ದ."

"ನಮ್ಮಾಕಿಗೆ ಬೆಲ್ಲ" ಎಂದಳು ಕರಿಯವ್ವ, ಮಗಳ ಕೆನ್ನೆ ಸವರುತ್ತಾ. "ಗಡಿಗಿ ಎಲ್ಲಿಟ್ರೂ ಹುಡುಕಿ ತಿನ್ನಾಕಿ. ಕೇಳಿದ್ರ ಇರುವಿ ತಿಂದಾವು ಅನ್ನಾಕಿ." ಅವಳ ತುಟಿ ನಗಲು ಹೋಗಿ ವಿಕಾರವಾಯಿತು. "ನೀವು ಹೇಳ್ರಿ. ನಿಲ್ಲಿಸಬ್ಯಾಡ್ರಿ."

ರಾಹೇಲಮ್ಮ ಹೇಳಿದಳು. ಹೇಳುತ್ತಾ ಹೋದಂತೆ ಹುಡುಗ ಒಂದೊಂದೇ ವರ್ಷ ಅವಳ ಕಣ್ಣ ಮುಂದೆ ಬಂದು ನಿಂತ. ದನಿ ಏರಿಸುವುದಿರಲಿಲ್ಲ, ಇಳಿಸುವುದಿರಲಿಲ್ಲ. ಇಷ್ಟೆಲ್ಲಾ ತನಗೆ ಸಿಕ್ಕಿತ್ತಲ್ಲ ಎಂದು ಅವಳಿಗೆ ಆಶ್ಚರ್ಯವಾಗುತ್ತಿತ್ತು, ಎದೆ ಹಿಂಡುತ್ತಲೂ ಇತ್ತು. ಕರಿಯವ್ವ ನಡುನಡುವೆ ತನ್ನ ಮಗಳದ್ದೊಂದು ಮಾತು ಸೇರಿಸುತ್ತಿದ್ದಳು, ಅಳುತ್ತಿದ್ದಳು, ಮತ್ತೆ ಕೇಳುತ್ತಿದ್ದಳು.

ಅಂಜಿನಪ್ಪ ಬಂದು ಬಾಗಿಲಲ್ಲಿ ನಿಂತ. "ಬಂಡಿ ಬಂದೈತೆ. ಏಳು" ಎಂದ.

ಕರಿಯವ್ವ ಏಳಲಿಲ್ಲ. ಮಗಳನ್ನು ಇನ್ನಷ್ಟು ಒತ್ತಿ ಹಿಡಿದುಕೊಂಡು, "ಒಂಚೂರು ತಡೀರಿ" ಎಂದಳು. "ಅಮ್ಮಾರ ಹುಡುಗ ಇನ್ನೂ ಸಾಲಿಗೇ ಸೇರಿಲ್ಲ."

ಅಂಜಿನಪ್ಪ ರಾಹೇಲಮ್ಮನ ಮುಖ ನೋಡಿದ. ಆಮೇಲೆ ತಲೆಯ ಟವೆಲು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು, ಅವನೂ ನೆಲದ ಮೇಲೆ ಕುಳಿತ.